ಟಂಕಸಾಲೆಯ ಪ್ರಮಾದವೂ ಕೃತಕ ವಿಕಾರವೂ

ನಾಣ್ಯಪರೀಕ್ಷೆಗೆಂದೇ ರೂಪದರ್ಶಕನೆಂಬ ಅಧಿಕಾರಿಯನ್ನು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಹೇಳಿರುವನು. ಟಂಕಸಾಲೆಯೊಳಗೆ ಸಂಭವಿಸಿದ ಪ್ರಮಾದವಾವುದು, ಹೊರಗೆ ಕೈಯಿಂದ ಮಾಡಿದ ವಿಕಾರವಾವುದು ಎಂಬ ವಿವೇಚನೆಯು ಇಂದಿಗೂ ಅಂಥ ಪರೀಕ್ಷೆಯನ್ನು ಅಪೇಕ್ಷಿಸುತ್ತದೆ. ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ 1943ನೆಯ ಇಸವಿಯ ಸೆಂಟ್ ನಾಣ್ಯವು ಉತ್ತಮ ನಿದರ್ಶನವು.

ಆ ವರ್ಷ ತಾಮ್ರವು ಯುದ್ಧಕಾರ್ಯಕ್ಕೆ ಬೇಕಾದುದರಿಂದ ಸೆಂಟುಗಳನ್ನು ಸತುವಿನ ಲೇಪವುಳ್ಳ ಉಕ್ಕಿನಲ್ಲಿ ಅಚ್ಚೊತ್ತಿದರು. ಹಿಂದಿನ ವರ್ಷದಿಂದ ಉಳಿದಿದ್ದ ಕೆಲವು ಕಂಚಿನ ಬಿಲ್ಲೆಗಳು ಉಕ್ಕಿನವುಗಳೊಡನೆ ಸೇರಿ ಮುದ್ರಿತವಾದುವು. ಇವೇ ನಿಜವಾದ ಪ್ರಮಾದನಾಣ್ಯಗಳು. ಅತಿ ವಿರಳವಾದ ಇವುಗಳ ಬೆಲೆಯನ್ನು ಕಂಡು ಕೃತಕಗಳೂ ಹುಟ್ಟಿದುವು.

ಉಕ್ಕಿನ ನಾಣ್ಯಕ್ಕೆ ತಾಮ್ರದ ಲೇಪವನ್ನು ಕೊಟ್ಟಿದ್ದರೆ ಸೂಜಿಗಲ್ಲು ಅದನ್ನು ಸೆಳೆಯುವುದು. ತೂಕವೂ ಸುಮಾರು 2.7 ಗ್ರಾಂ ಮಾತ್ರ. ಕಂಚಿನದರ ತೂಕ 3.11 ಗ್ರಾಂ. ಆದರೆ ಇಷ್ಟರಿಂದಲೇ ನಿರ್ಣಯಕ್ಕೆ ಬರಲಾಗದು. 1948ರ ಸೆಂಟಿನಲ್ಲಿ ಎಂಟರ ಎಡಭಾಗವನ್ನು ಕೊರೆದು ಮೂರಾಗಿಸಿದ ನಾಣ್ಯವು ಸ್ವತಃ ಕಂಚಿನದಾದ ಕಾರಣ ಈ ಎರಡು ಪರೀಕ್ಷೆಗಳಲ್ಲಿಯೂ ಗೆಲ್ಲುವುದು. ಅದನ್ನು ಅಂಕಿಯೇ ಬಯಲುಮಾಡುವುದು: 1943ರ ಅಚ್ಚಿನಲ್ಲಿ ಮೂರರ ಬಾಲವು ನೀಳವಾಗಿ ಕೆಳಕ್ಕಿಳಿದಿರುವುದು; ಎಂಟರಿಂದ ಕೊರೆದ ಮೂರಕ್ಕೆ ಆ ಬಾಲವಿಲ್ಲ.

ಆದುದರಿಂದ ನಾಣ್ಯದ ಪ್ರತಿಯೊಂದು ವೈಲಕ್ಷಣ್ಯಕ್ಕೂ ಟಂಕಸಾಲೆಯ ಕ್ರಮದಲ್ಲಿಯೇ ಕಾರಣವನ್ನು ತೋರಿಸಬೇಕು. ಕಾರಣವು ದೊರೆತ ನಾಣ್ಯವು ಯುದ್ಧಕಾಲದ ಲೋಹಾಭಾವಕ್ಕೆ ಸಾಕ್ಷಿಯಾಗುವುದು. ದೊರೆಯದುದು ಮಾರುವವನ ಲೋಭಕ್ಕೆ ಮಾತ್ರ ಸಾಕ್ಷಿಯು. ಇವೆರಡನ್ನೂ ಬೆರೆಸಿ ಬರೆದ ಚರಿತ್ರೆಯು ಪರೀಕ್ಷೆಯಲ್ಲಿ ನಿಲ್ಲಲಾರದು.