ಡಿಲೀಟ್ ಒತ್ತಿದರೆ ಫೋಟೊ ನಿಜವಾಗಿಯೂ ಅಳಿಸಿಹೋಗುತ್ತದೆಯೇ?

ನಂಬಿಕೆ: ಡಿಲೀಟ್ ಮಾಡಿದ ಫೋಟೊ ಮೆಮೊರಿಯಿಂದ ಪೂರ್ತಿ ಹೋಗುತ್ತದೆ. ಇನ್ನು ಕಾರ್ಡ್ ಯಾರಿಗೆ ಕೊಟ್ಟರೂ ಚಿಂತೆಯಿಲ್ಲ.

ನಿಜಾಂಶ: ಮೆಮೊರಿ ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಅಳಿಯುವುದು ಫೋಟೊ ಅಲ್ಲ, ಅದನ್ನು ತಲುಪುವ ದಾರಿ.

ಇದರ ಹಿಂದಿನ ಲೆಕ್ಕ ಏನು?

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಎರಡನೇ ವರ್ಷದಲ್ಲಿ ‘ಲಿಂಕ್ಡ್ ಲಿಸ್ಟ್’ ಕಲಿಯುತ್ತಾರೆ. ಇದು ಮಾಹಿತಿಯ ಸರಪಳಿ. ಪ್ರತಿ ಕೊಂಡಿಯನ್ನು ನೋಡ್ ಎನ್ನುತ್ತಾರೆ. ಅದರಲ್ಲಿ ಸ್ವಲ್ಪ ಮಾಹಿತಿ ಮತ್ತು ಮುಂದಿನ ನೋಡ್‌ನ ವಿಳಾಸ ಇರುತ್ತವೆ.

ಸದಾಶಿವನಗರದಿಂದ ಹೊರಟ ನೀವು ಬೆಳಗಾವಿಯಲ್ಲಿ ರೈಲು ಹತ್ತಿದಿರಿ ಎಂದುಕೊಳ್ಳಿ. ದೇಸೂರು, ಇದಲಹೊಂಡ, ಆಮೇಲೆ ಖಾನಾಪುರ. ಪ್ರತಿ ನಿಲ್ದಾಣದಲ್ಲೂ ಮುಂದಿನ ನಿಲ್ದಾಣದ ಹೆಸರಿರುವ ಒಂದೇ ಒಂದು ಚೀಟಿ ಇದೆ ಅನ್ನೋಣ. ಪಟ್ಟಿಯಿಂದ ಇದಲಹೊಂಡವನ್ನು ತೆಗೆಯಬೇಕಾದರೆ ದೇಸೂರಿನ ಚೀಟಿಯಲ್ಲಿ ‘ಖಾನಾಪುರ’ ಎಂದು ಬರೆದರೆ ಸಾಕು. ಆದರೆ ಇದಲಹೊಂಡದ ಚೀಟಿ ಓದುವ ಮೊದಲೇ ದೇಸೂರಿನ ಚೀಟಿ ಹರಿದರೆ, ಖಾನಾಪುರದ ದಾರಿಯೇ ತಪ್ಪುತ್ತದೆ! ಪ್ರೋಗ್ರಾಂ ಬರೆಯುವವರು ಎಡವುವುದು ಇಲ್ಲೇ.

ಗಮನಿಸಿ, ಇದಲಹೊಂಡದ ಕಟ್ಟಡವನ್ನು ಯಾರೂ ಕೆಡವಿಲ್ಲ. ಸಿ ಭಾಷೆಯಲ್ಲಿ ‘ಫ್ರೀ’ ಎಂಬ ಆದೇಶ ಕೊಟ್ಟಾಗಲೂ ‘ಈ ಜಾಗ ಖಾಲಿ’ ಎಂದು ಗುರುತಾಗುತ್ತದೆ ಅಷ್ಟೇ. ಒಳಗಿನ ಮಾಹಿತಿ ಅಳಿಯಲೇಬೇಕೆಂದಿಲ್ಲ.

ನಿಮ್ಮ ಮೆಮೊರಿ ಕಾರ್ಡ್‌ನಲ್ಲೂ ಹೀಗೆಯೇ

ಹಲವು ಕಾರ್ಡ್‌ಗಳಲ್ಲಿರುವ ಫ್ಯಾಟ್-32 ವ್ಯವಸ್ಥೆ ಫೋಟೊವನ್ನು ತುಂಡುತುಂಡಾಗಿ ಇಟ್ಟು, ಮುಂದಿನ ತುಂಡು ಎಲ್ಲಿದೆ ಎಂದು ಒಂದು ಕೋಷ್ಟಕದಲ್ಲಿ ಬರೆದುಕೊಳ್ಳುತ್ತದೆ. ಡಿಲೀಟ್ ಮಾಡಿದಾಗ ಆ ಕೊಂಡಿಗಳು ಕಳಚುತ್ತವೆ, ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ‘ಅಳಿಸಲಾಗಿದೆ’ ಎಂಬ ಗುರುತು ಬೀಳುತ್ತದೆ. ಅದೇ ಜಾಗಕ್ಕೆ ಬೇರೆ ಫೈಲ್ ಬಂದು ಕೂರುವವರೆಗೆ ಫೋಟೊ ಅಲ್ಲೇ ಉಳಿದಿರಬಹುದು. ರಿಕವರಿ ಸಾಫ್ಟ್‌ವೇರ್‌ಗಳು ಹುಡುಕುವುದು ಇದನ್ನೇ.

ಹೊಸ ಫೋನ್‌ಗಳ ಒಳ ಮೆಮೊರಿಯ ಕಥೆ ಬೇರೆ. ಅಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ.

ನೀವೇನು ಮಾಡಬೇಕು?

• ಹಳೆಯ ಫೋನ್ ಮಾರುವ ಮುನ್ನ ಫ್ಯಾಕ್ಟರಿ ರೀಸೆಟ್ ಮಾಡಿ. ಮೆಮೊರಿ ಕಾರ್ಡ್ ತೆಗೆದು ನೀವೇ ಇಟ್ಟುಕೊಳ್ಳಿ.
• ಬೇಕಾದ ಫೋಟೊ ಕೈತಪ್ಪಿ ಡಿಲೀಟ್ ಆಯಿತೇ? ಆ ಕಾರ್ಡ್‌ನಲ್ಲಿ ಹೊಸ ಫೋಟೊ, ವಿಡಿಯೊ ಏನನ್ನೂ ತೆಗೆಯಬೇಡಿ. ಮೊದಲು ಕಾರ್ಡ್ ಹೊರತೆಗೆಯಿರಿ.
• ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ ಅಲ್ಲಿನ ಕಸದ ಬುಟ್ಟಿ ನೋಡಿ. ಅಲ್ಲಿ 60 ದಿನ ಇರುತ್ತದೆ.

ಮನೆಯಲ್ಲಿ ಯಾರಾದರೂ ಹಳೆಯ ಫೋನ್ ಮಾರಲು ಹೊರಟಿದ್ದರೆ, ಅವರಿಗೆ ಇದನ್ನು ಇಂದೇ ಕಳುಹಿಸಿ.