ಆಟದ ನಡುವೆ ಕಡಿಯುವ ನೆಟ್: ತಪ್ಪು ಕಂಪ್ಯೂಟರಿನೊಳಗೂ ಇರಬಹುದು

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಊರಿನಲ್ಲಿ ಆನ್‌ಲೈನ್ ಆಟ ವ್ಯಾಲೊರಂಟ್ ಆಡುವಾಗ ಆಟ ಕಡಿದರೆ ಬಾಯಿಗೆ ಬರುವ ಮೊದಲ ಮಾತು ‘ನೆಟ್ ಹೋತು’. ಹಳ್ಳಿಯ ನೆಟ್ಟಿನ ಮೇಲೆ ಅನುಮಾನ ಸಹಜ. ಆದರೆ ಕಂಪ್ಯೂಟರಿನ ಬಿಡಿಭಾಗಗಳು ಒಂದಕ್ಕೊಂದು ಅಡ್ಡಬಂದಾಗಲೂ ಪರದೆಯ ಮೇಲೆ ಮೂಡುವುದು ಸಂಪರ್ಕ ಕಡಿದ ಅದೇ ಸಂದೇಶ.

ತಪ್ಪು ಯಾವ ಕಡೆ?

ಅದೇ ವೈಫೈಯಲ್ಲಿ ಮೊಬೈಲಿನ ವಿಡಿಯೊ ನಿಲ್ಲದೆ ಓಡುತ್ತಿದೆ ಎಂಬುದು ನೆಟ್ ಸರಿಯಿದೆ ಎನ್ನಲು ಸಾಕ್ಷಿಯಾಗದು. ವಿಡಿಯೊ ಮುಂದಿನ ಭಾಗವನ್ನು ಮೊದಲೇ ಇಳಿಸಿಕೊಂಡಿರುತ್ತದೆ. ಆಟಕ್ಕೆ ಆ ಅನುಕೂಲವಿಲ್ಲ; ಕೆಲವು ಸೆಕೆಂಡು ಉತ್ತರ ಬಾರದಿದ್ದರೆ ಸರ್ವರ್ ಕೈಬಿಡುತ್ತದೆ.

ಕಮಾಂಡ್ ಪ್ರಾಂಪ್ಟಿನ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ಮನೆಯ ರೂಟರಿಗೆ (ಸಾಮಾನ್ಯವಾಗಿ 192.168.1.1), ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್ಟಿನ ವಿಳಾಸವಾದ 8.8.8.8ಕ್ಕೆ ನಿರಂತರ ಪಿಂಗ್ ಹಚ್ಚಿ ಆಟ ಆಡಿ. ಆಟ ಕಡಿದ ಗಳಿಗೆಯಲ್ಲಿ ರೂಟರಿನ ಉತ್ತರವೂ ನಿಂತಿದ್ದರೆ ತೊಂದರೆ ಮನೆಯೊಳಗಿದೆ. ಕೇಬಲ್ ಹಾಕಿದ ಕಂಪ್ಯೂಟರಿಗೆ ರೂಟರಿನಿಂದ 1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಉತ್ತರ ಬರಬೇಕು. ದೂರವನ್ನು ದೂರುವಂತಿಲ್ಲ. ಮುಂಬೈಯಲ್ಲಿ ಈ ಆಟದ ಸರ್ವರ್ ಇದೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುವುದರಿಂದ ಅಲ್ಲಿಗೆ 600 ಕಿ.ಮೀ. ಹೋಗಿಬರಲು 6 ಮಿಲಿಸೆಕೆಂಡು ಸಾಕು.

ಐಆರ್‌ಕ್ಯೂ ಎಂಬ ಹಳೆಯ ಜಗಳ

ಹಿಂದಿನ ಪಿಸಿಗಳಲ್ಲಿ ಬಿಡಿಭಾಗಗಳು ಪ್ರೊಸೆಸರನ್ನು ಕರೆಯಲು ಇದ್ದದ್ದು 16 ಇಂಟರಪ್ಟ್ ಗೆರೆಗಳು (ಐಆರ್‌ಕ್ಯೂ). ಕಾಮ್1 ಮತ್ತು ಕಾಮ್3 ಪೋರ್ಟುಗಳೆರಡಕ್ಕೂ ಗೆರೆ 4. ಮೌಸ್ ಒಂದರಲ್ಲಿ, ಮೋಡೆಮ್ ಇನ್ನೊಂದರಲ್ಲಿ ಇದ್ದರೆ ಮೌಸ್ ಅಲುಗಿದಾಗ ಸಂಪರ್ಕ ಹೋಗುವುದಿತ್ತು. 1995ರಲ್ಲಿ ವಿಂಡೋಸ್ 95 ‘ಪ್ಲಗ್ ಆಂಡ್ ಪ್ಲೇ’ ತಂದು ಗೆರೆಗಳ ಹಂಚಿಕೆಯನ್ನು ತಾನೇ ಮಾಡತೊಡಗಿತು. ಈಗ ಇಂಥ ಜಗಳ ಅಪರೂಪ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನದ ಜೊತೆ ‘ಕೋಡ್ 12’ ಕಂಡರೆ ಮಾತ್ರ ಸಂಪನ್ಮೂಲಕ್ಕೆ ಪೈಪೋಟಿ ಇದೆ ಎಂದರ್ಥ.

ಯುಎಸ್‌ಬಿ 3.0 ಮತ್ತು ವೈಫೈ

ನನ್ನ ದೃಷ್ಟಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ, ಏಕೆಂದರೆ ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಯುಎಸ್‌ಬಿ 3.0 ಉಪಕರಣಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ 2012ರಲ್ಲಿ ಬರೆದು ಪ್ರಕಟಿಸಿತು. ಅಗ್ಗದ ವೈಫೈ ಡಾಂಗಲ್ ಹಿಡಿಯುವುದು ಅದೇ ಪಟ್ಟಿಯನ್ನು. ಡಾಂಗಲ್ ಪಕ್ಕದ ನೀಲಿ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಸಿಕ್ಕಿಸಿ ಫೈಲ್ ನಕಲು ಮಾಡುತ್ತ ಪಿಂಗ್ ನೋಡಿ. ಆಗ ಮಾತ್ರ ಉತ್ತರ ತಪ್ಪುತ್ತಿದ್ದರೆ ಕಳ್ಳ ಸಿಕ್ಕಂತೆ. ಚಿಕ್ಕ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲಿನಿಂದ ಡಾಂಗಲನ್ನು ದೂರ ಇಡಿ ಅಥವಾ 5 ಗಿಗಾಹರ್ಟ್ಸಿಗೆ ಬದಲಿಸಿ. ನೇರವಾಗಿ ಲ್ಯಾನ್ ಕೇಬಲ್ ಎಳೆದರೆ ಇನ್ನೂ ಒಳ್ಳೆಯದು.

ನೆಟ್‌ವರ್ಕ್ ಚಿಪ್ಪಿನ ನಿದ್ದೆ

ವಿದ್ಯುತ್ ಉಳಿಸಲು ವಿಂಡೋಸ್ ನೆಟ್‌ವರ್ಕ್ ಅಡಾಪ್ಟರನ್ನು ಮಲಗಿಸಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು ಆ ಅನುಮತಿಯ ಗುರುತು ತೆಗೆಯಿರಿ. ಡ್ರೈವರನ್ನು ಮದರ್‌ಬೋರ್ಡ್ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ಕೆಲವೊಮ್ಮೆ ದೋಷ ಚಿಪ್ಪಿನಲ್ಲೇ ಇರುತ್ತದೆ: ಇಂಟೆಲ್ ಐ225-ವಿ ಚಿಪ್ಪಿನ ಮೊದಲ ಆವೃತ್ತಿಗಳು 2.5 ಗಿಗಾಬಿಟ್ ವೇಗದಲ್ಲಿ ಕೆಲವು ರೂಟರ್, ಸ್ವಿಚ್ಚುಗಳೊಂದಿಗೆ ಹೊಂದದೆ ಪ್ಯಾಕೆಟ್ ಕಳೆದುಕೊಳ್ಳುತ್ತಿದ್ದವು. ವೇಗವನ್ನು 1 ಗಿಗಾಬಿಟ್ಟಿಗೆ ಇಳಿಸಿದರೆ ಆಟಕ್ಕೇನೂ ನಷ್ಟವಿಲ್ಲ.

ಸಿಡಿಲು, ಅರ್ಥಿಂಗ್, ಲ್ಯಾನ್ ಪೋರ್ಟ್

ಮಲೆನಾಡಿನ ಅಂಚಿನ ಕಲಘಟಗಿ ಕಡೆ ಮುಂಗಾರಿಗೆ ಮುಂಚಿನ ಮಳೆ ಗುಡುಗು-ಸಿಡಿಲಿನೊಂದಿಗೇ ಬರುತ್ತದೆ. ತಾಮ್ರದ ಲ್ಯಾನ್ ಕೇಬಲಿನಲ್ಲಿ ಹಾಯ್ದ ವಿದ್ಯುತ್ ಹೊಡೆತ ಪೋರ್ಟನ್ನು ಒಮ್ಮೆಗೇ ಸುಡದೆ ಅರೆಜೀವ ಮಾಡಿ ಬಿಡಬಹುದು. ಪೋರ್ಟಿನ ದೀಪ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಇದಕ್ಕೆ ಸೆಟ್ಟಿಂಗಿನಲ್ಲಿ ಮದ್ದಿಲ್ಲ. ಮೋಡ ಗುಡುಗುವ ಮೊದಲೇ ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕೀಳಿರಿ, ಮೂರನೇ ಪಿನ್ನಿಗೆ ನಿಜವಾಗಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ. ಪೋರ್ಟ್ ಕೆಟ್ಟಿದ್ದರೆ ಮದರ್‌ಬೋರ್ಡ್ ಬದಲಿಸಬೇಕಿಲ್ಲ, ಪಿಸಿಐ ಎಕ್ಸ್‌ಪ್ರೆಸ್ ಲ್ಯಾನ್ ಕಾರ್ಡ್ ಸಾಕು. ಕಾರ್ಡ್ ಕೂಡಿಸಿದ ಮೇಲೆ ಬಯೋಸ್‌ಗೆ ಹೋಗಿ ಹಳೆಯ ಪೋರ್ಟನ್ನು ಬಂದ್ ಮಾಡಿ.