ನೇಪಿಯರ್ ಮನೆತನದ ಹಿರಿಯನೂ ನಮ್ಮ ಕೈಫಿಯತ್ತುಗಳೂ

ಸ್ಕಾಟ್ಲೆಂಡಿನ ಒಬ್ಬ ಪ್ರಭುವಿಗೆ ತನ್ನ ಕುಲದ ಹಿರಿಯನ ಚರಿತ್ರೆ ಬರೆಯಬೇಕೆಂಬ ಹಂಬಲ ಹುಟ್ಟಿತು. ಅದರ ದೂರದ ಫಲವಾಗಿ ನಮ್ಮ ಪಾಳೆಯಗಾರರ ವಂಶಾವಳಿಗಳು ಉಳಿದುಕೊಂಡವೆಂದರೆ ವಾಚಕರಿಗೆ ಸೋಜಿಗವೆನಿಸೀತು.

ಆ ಹಿರಿಯ ಮರ್ಕಿಸ್ಟನ್ನಿನ ಜಾನ್ ನೇಪಿಯರ್ (೧೫೫೦–೧೬೧೭). ೧೬೧೪ರಲ್ಲಿ ಲಾಗರಿತಮ್ ಕೋಷ್ಟಕಗಳನ್ನು ಪ್ರಕಟಿಸಿ, ಗುಣಾಕಾರವನ್ನು ಸಂಕಲನಕ್ಕೆ ಇಳಿಸಿ, ಖಗೋಲಜ್ಞರ ಶ್ರಮವನ್ನು ಹಗುರಮಾಡಿದವನು. ಹದಿನೆಂಟನೆಯ ಶತಮಾನದಲ್ಲಿ ಅವನ ವಂಶಜ ಫ್ರಾನ್ಸಿಸ್, ಲಾರ್ಡ್ ನೇಪಿಯರ್, ಪೂರ್ವಿಕನ ಜೀವನಚರಿತ್ರೆಗೆ ಕೈಹಾಕಿದ. ಹುಟ್ಟುಸಾವುಗಳ ಪಟ್ಟಿಯಿಂದ ಅವನಿಗೆ ತೃಪ್ತಿಯಾಗಲಿಲ್ಲ. ಹಿಂದೂ ಗಣಿತಜ್ಞರಿಗೆ ಈ ವಿದ್ಯೆ ಎಷ್ಟು ತಿಳಿದಿತ್ತೆಂಬುದೂ ಬೇಕಾಯಿತು. ಅದನ್ನು ಕಲೆಹಾಕಲು ನೇಮಿಸಿದ್ದು ಲೂಯಿಸ್ ದ್ವೀಪದ ತರುಣ ಕಾಲಿನ್ ಮೆಕೆಂಜಿಯನ್ನು.

ಪ್ರಭು ತೀರಿಕೊಂಡ, ಕೆಲಸ ನಿಂತಿತು. ೧೭೮೩ರಲ್ಲಿ ಮೆಕೆಂಜಿ ಕಂಪನಿಯ ಸೈನ್ಯ ಸೇರಿ ಮದರಾಸಿಗೆ ಬಂದ. ಮಧುರೆಯಲ್ಲಿ ಪ್ರಭುವಿನ ಮಗಳು ಹೆಸ್ಟರ್ ಜಾನ್‌ಸ್ಟನ್ ತಂದೆಯ ಗ್ರಂಥವನ್ನು ಮುಂದುವರಿಸುತ್ತಿದ್ದಳು. ಆಕೆ ಅವನಿಗೆ ಅಲ್ಲಿನ ಪಂಡಿತರ ಪರಿಚಯ ಮಾಡಿಸಿದಳು. ಗಣಿತ ಕೇಳಲು ಕುಳಿತವನಿಗೆ ನಾಡಿನ ಚರಿತ್ರೆಯ ಹುಚ್ಚೇ ಹಿಡಿಯಿತು.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ಅವನ ಪಾಲಿಗೆ ಬಂತು. ಅಳತೆಯ ಸರಪಣಿಯೊಡನೆ ಪ್ರಶ್ನೆಗಳೂ ಊರೂರಿಗೆ ಹೋದವು: ಈ ಕೋಟೆ ಯಾರದು? ಕೆರೆ ಕಟ್ಟಿಸಿದವರಾರು? ಆಳಿದ ಮನೆತನ ಯಾವುದು? ಕಾವಲಿ ಬೊರಯ್ಯ ಮತ್ತು ಅವನ ತಮ್ಮಂದಿರು, ಮಲೆಯೂರಿನ ಧರ್ಮಯ್ಯ ಮೊದಲಾದವರು ಅವನಿಗೆ ಕಣ್ಣೂ ಕಿವಿಯೂ ಆದರು. ಮಲೆಯೂರಿನ ದೇವಚಂದ್ರನ ‘ರಾಜಾವಳೀ ಕಥೆ’ಗೂ ಮೆಕೆಂಜಿಯ ವಿಚಾರಣೆಯೇ ಪ್ರೇರಣೆ.

ನೇಪಿಯರ್ ಮನೆತನದ ಈ ವೃತ್ತಾಂತವನ್ನು ಹೇಳಿದವನು ಹೆಸ್ಟರಳ ಮಗ ಅಲೆಗ್ಸಾಂಡರ್ ಜಾನ್‌ಸ್ಟನ್. ೧೮೩೨ರಲ್ಲಿ, ಪಾರ್ಲಿಮೆಂಟಿನ ಸಮಿತಿಯ ಮುಂದೆ. ಅವನೂ ಆ ವಂಶದ ಕುಡಿಯೇ. ಮನೆಯ ಮಾತಿನಲ್ಲಿ ಮನೆಯ ಅಭಿಮಾನ ಬೆರೆಯದೆ ಇರದು. ನಮ್ಮ ಕೈಫಿಯತ್ತುಗಳದೂ ಅದೇ ಗುಣ. ಹತ್ತು ಹಳ್ಳಿಯ ಒಡೆಯನ ವಂಶವೂ ಸೂರ್ಯನಿಂದಲೋ ಚಂದ್ರನಿಂದಲೋ ಇಳಿದುಬಂದಿರುತ್ತದೆ! ಆದುದರಿಂದ ಶಾಸನದೊಡನೆ ಅವನ್ನು ಒರೆಹಚ್ಚಿ ನೋಡಬೇಕು. ಮೆಕೆಂಜಿ ಸುಮಾರು ೮,೦೦೦ ಶಾಸನಗಳ ಪ್ರತಿಗಳನ್ನು ಕೂಡಿಸಿಟ್ಟದ್ದರಿಂದ ಇಂದಿನ ಸಂಶೋಧಕರಿಗೆ ಆ ಕೆಲಸ ಸುಲಭವಾಗಿದೆ. ಆದರೆ ಒರೆಹಚ್ಚಲು ಮೊದಲು ಮಾತು ಉಳಿದಿರಬೇಕಷ್ಟೆ.

೧೮೨೧ರಲ್ಲಿ ಮೆಕೆಂಜಿ ಬಂಗಾಳದಲ್ಲಿ ತೀರಿಕೊಂಡ. ಜಾನ್ ನೇಪಿಯರನ ವಿಸ್ತಾರವಾದ ಚರಿತ್ರೆಯನ್ನು ಅದೇ ಮನೆತನದ ಮಾರ್ಕ್ ನೇಪಿಯರ್ ೧೮೩೪ರಲ್ಲಿ ಹೊರತಂದ. ಪರರ ಮುತ್ತಜ್ಜನಿಗಾಗಿ ಹೊರಟವನು ನಮ್ಮ ಮುತ್ತಜ್ಜಂದಿರ ಮಾತನ್ನು ಬರೆಸಿಟ್ಟುಹೋದ. ನಮ್ಮ ಅಟ್ಟದ ಮೇಲಿನ ಕಡತಗಳನ್ನು ಗೆದ್ದಲಿಗಿಂತ ಮೊದಲು ನಾವು ಬಿಚ್ಚಿನೋಡಿದರೆ ಅವನ ಋಣ ಸ್ವಲ್ಪವಾದರೂ ತೀರೀತು.